ಮೂರನೇ ಕಂಬ

ನಗರಾಡಳಿತದ ಕಚೇರಿಯಲ್ಲಿ ಬಾವುಟದ ಕೆಲಸ ನನಗೆ ಬಂದಿದ್ದು ಆಕಸ್ಮಿಕ. ಅದನ್ನು ನೋಡಿಕೊಳ್ಳುತ್ತಿದ್ದವರು ನಿವೃತ್ತರಾದಾಗ ಕಪಾಟಿನ ಕೀಲಿ ನನ್ನ ಕೈಗಿಟ್ಟು ಹೋದರು. ಮುಂದೆ ಮೂರು ಕಂಬ. ದೇಶದ್ದು, ನಗರದ್ದು, ಇವೆರಡಕ್ಕೆ ತಕರಾರಿಲ್ಲ. ಮೂರನೆಯದಕ್ಕೆ ಯಾರು ಅರ್ಜಿ ಕೊಟ್ಟರೂ, ಆ ದಿನ ಖಾಲಿ ಇದ್ದರೆ ಸಾಕು, ಸಹಿ ಹಾಕುತ್ತಿದ್ದೆ.

ಎಡವಟ್ಟಾಗಿದ್ದು ಒಂದು ಸಂಘದ ಬಾವುಟದಿಂದ. ಏರಿಸಿದ್ದು ಒಂದು ದಿನಕ್ಕೆ. ರಾಟೆಯಲ್ಲಿ ಹಗ್ಗ ಸಿಕ್ಕಿಕೊಂಡು ಒಂಬತ್ತು ದಿನ ಇಳಿಯಲೇ ಇಲ್ಲ. ಅಂಚು ಹರಿದು ನೂಲು ನೇತಾಡುತ್ತಿತ್ತು. ಸಂಘದವರಿಗೆ ಅವಮಾನ. ಅವರಿಗಾಗದವರಿಗೆ, ನಾವು ಬೇಕಂತಲೇ ಬಿಟ್ಟಿದ್ದೇವೆ ಅಂತ ಅನುಮಾನ. ಹತ್ತನೇ ದಿನ ಅವರದೂ ಅರ್ಜಿ ಬಂತು: ನಮ್ಮ ಬಾವುಟವೂ ಒಂಬತ್ತು ದಿನ ಹಾರಲಿ. ಸುಮ್ನೆ ಕಿಚಾಯಿಸಿದ್ದಲ್ಲ, ದಿನಾಂಕ ಸಮೇತ ಬರೆದಿದ್ದರು.

ನಿಯಮ ಬರೆಯಿರಿ ಅಂತ ಮೇಲಿನವರು ಹೇಳಿದರು. ‘ಯಾರ ಮನಸ್ಸನ್ನೂ ನೋಯಿಸದ ಬಾವುಟಕ್ಕೆ ಮಾತ್ರ ಅನುಮತಿ’ ಅಂತ ಬರೆದು ಬೀಗಿದೆ. ನಮ್ಮ ವಕೀಲರು ಓದಿ, “ನೋವಾಯ್ತೋ ಇಲ್ವೋ ಅಂತ ಹೇಳೋರು ಯಾರು, ನೀವಾ?” ಅಂದರು. ಅಮೆರಿಕದ ಬಾಸ್ಟನ್ ನಗರದ ಬಾವುಟದ ಪ್ರಕರಣ ಓದಿಕೊಂಡು ಬನ್ನಿ ಅಂತ ಕಳಿಸಿದರು.

ಓದಿದರೆ, ಅದು ನಮ್ಮದೇ ಕಥೆ. ಅಲ್ಲೂ ಮೂರು ಕಂಬ. 2005ರಿಂದ 2017ರವರೆಗೆ 284 ಸಲ ಬಾವುಟ ಏರಿಸಲು ಒಪ್ಪಿದ್ದರು, ಒಂದನ್ನೂ ಬೇಡ ಅಂದಿರಲಿಲ್ಲ. 2017ರಲ್ಲಿ ಒಂದು ಗುಂಪು ಶಿಲುಬೆಯಿರುವ ಬಾವುಟ ತಂದಾಗ ಮಾತ್ರ ಆಗಲ್ಲ ಅಂದರು. 2022ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ನಗರದ ವಿರುದ್ಧ ತೀರ್ಪು ಕೊಟ್ಟರು. ಇಷ್ಟು ವರ್ಷ ಏನು ಹಾರುತ್ತಿದೆ ಅಂತ ನಗರ ವಿಚಾರಿಸಿಯೇ ಇರಲಿಲ್ಲ, ಹಾಗಾಗಿ ಆ ಬಾವುಟಗಳು ನಗರ ಆಡಿದ ಮಾತಲ್ಲ, ಏರಿಸಿದವರದೇ ಮಾತು. ಒಬ್ಬರದನ್ನು ಧರ್ಮದ್ದು ಅಂತ ತಡೆಯುವ ಹಾಗಿಲ್ಲ. ಅಲ್ಲಿನ ಕಾನೂನು ನಮಗೆ ಅನ್ವಯಿಸಲ್ಲ, ನಿಜ. ಆದರೆ ನನ್ನ ಸಹಿಗಳೂ ಹಾಗೇ ತಾನೇ? ಯಾವುದನ್ನೂ ಬಿಡಿಸಿ ನೋಡಿ ಹಾಕಿದ್ದಲ್ಲ.

ಎಲ್ಲ ಬಿಟ್ಟು ಎರಡೇ ಬಾವುಟ ಸಾಕು ಅಂತ ಕೆಲವರು ಹಟ ಹಿಡಿದರು. ಜಗಳ ಅಲ್ಲಿಗೆ ಮುಗಿಯುತ್ತೆ ಅಂತ ನನಗೆ ಅನಿಸಲಿಲ್ಲ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ತಕರಾರು ಎದ್ದಿದ್ದೇ ದೇಶದ ಬಾವುಟದ ಮೇಲೆ. ವರ್ಷಪೂರ್ತಿ ಹಾರುತ್ತಿದ್ದ ಬ್ರಿಟನ್ ಧ್ವಜವನ್ನು ಗೊತ್ತುಪಡಿಸಿದ ದಿನಗಳಿಗೆ ಮಾತ್ರ ಅಂತ 2012ರ ಡಿಸೆಂಬರಿನಲ್ಲಿ ಅಲ್ಲಿನ ನಗರಸಭೆ ನಿರ್ಣಯ ಮಾಡಿದ್ದಕ್ಕೆ ತಿಂಗಳುಗಟ್ಟಲೆ ಬೀದಿಯಲ್ಲಿ ಪ್ರತಿಭಟನೆ ನಡೆಯಿತು.

ಕೊನೆಗೆ ಒಪ್ಪಿದ್ದು ಹೀಗೆ: ಹೊರಗಿನವರ ಅರ್ಜಿ ತಗೊಳ್ಳಲ್ಲ. ಚುನಾಯಿತ ಸದಸ್ಯರೊಬ್ಬರು ಸಭೆಯಲ್ಲಿ ಮಂಡಿಸಬೇಕು, ಮತಕ್ಕೆ ಹಾಕಬೇಕು, ಏರಿಸುವ ದಿನದ ಪಕ್ಕದಲ್ಲೇ ಇಳಿಸುವ ದಿನವೂ ನಿರ್ಣಯದಲ್ಲಿ ಇರಬೇಕು. ಈ ಕೊನೇ ಸಾಲಿಗೆ ನಾನು ಜಾಸ್ತಿ ಹಟ ಮಾಡಿದ್ದು, ಯಾಕೆ ಅಂತ ಗೊತ್ತಲ್ವಾ. ಬಹುಮತ ಇದ್ದವರ ಬಾವುಟವೇ ಹಾರುತ್ತೆ ಅನ್ನುವ ದೂರು ಇದೆ. ಅದು ಸುಳ್ಳಲ್ಲ. ಆದರೆ ಈಗ ಯಾರು ಕೈ ಎತ್ತಿದರು ಅನ್ನುವುದು ನಡಾವಳಿಯಲ್ಲಿ ಇರುತ್ತೆ. ಮೊದಲು ಇದ್ದದ್ದು ನನ್ನ ಸಹಿ ಮಾತ್ರ.

ಹೊಸ ನಿಯಮ ಬಂದ ಮೇಲೆ ಮೊದಲು ಕೇಳಿಕೊಂಡು ಬಂದವರು ನಾನೇ ಸದಸ್ಯನಾಗಿರುವ ಸಂಘದವರು. ಚುನಾಯಿತ ಸದಸ್ಯರಲ್ಲಿ ಯಾರೂ ಅದನ್ನು ಸಭೆಯಲ್ಲಿ ಮಂಡಿಸಲಿಲ್ಲ. ಅವರು ತಂದುಕೊಟ್ಟಿದ್ದ ಬಾವುಟವನ್ನು ಮಡಚಿ ನಾನೇ ವಾಪಸ್ ಕೊಟ್ಟೆ.