ಎಂಟು ಚೀಟಿಯಲ್ಲಿ ಎಂಟ್ಯಾಂಗಲ್‌ಮೆಂಟ್

ಕ್ವಾಂಟಮ್ ಎಂಟ್ಯಾಂಗಲ್‌ಮೆಂಟ್ (ಎರಡು ಕಣಗಳು ಎಷ್ಟು ದೂರವಿದ್ದರೂ ಅವುಗಳ ಅಳತೆಗಳು ಒಂದಕ್ಕೊಂದು ಹೊಂದಿಕೊಳ್ಳುವ ನಂಟು) ವಿವರಿಸಲು ಹೊರಟವರು ಹೆಚ್ಚಾಗಿ ಚಪ್ಪಲಿಯಿಂದಲೇ ಶುರು ಮಾಡುತ್ತಾರೆ. ಒಂದು ಜೊತೆಯನ್ನು ಎರಡು ಡಬ್ಬಕ್ಕೆ ಹಾಕಿ, ಒಂದನ್ನು ಬೀದರ್‌ಗೆ, ಇನ್ನೊಂದನ್ನು ಮಂಗಳೂರಿಗೆ ಕಳಿಸಿ. ಬೀದರ್‌ನಲ್ಲಿ ತೆರೆದಾಗ ಎಡಗಾಲಿನದು ಸಿಕ್ಕರೆ ಮಂಗಳೂರಿನದು ಬಲಗಾಲಿನದು. ಎಲ್ಲರೂ ತಲೆಯಾಡಿಸುತ್ತಾರೆ. ಆಮೇಲೆ ಹಿಂದಿನ ಬೆಂಚಿನಿಂದ ಒಂದು ದನಿ: “ಇಷ್ಟಕ್ಕೇ ನೊಬೆಲ್ ಕೊಟ್ಟರಾ ಸಾರ್?” ಪಿಯು ತರಗತಿಯಲ್ಲಿ ನಾನೂ ಕೆಲವು ವರ್ಷ ಇದೇ ಚಪ್ಪಲಿ ಮಾರಿದವನು. ಈಗ ಅಂಗಡಿ ಮುಚ್ಚಿದ್ದೇನೆ. ನೀವೂ ಮುಚ್ಚಿ.

ಹಂತ 1: ಜೋಡಿ. ಲೇಸರ್ ಬೆಳಕನ್ನು ಒಂದು ವಿಶೇಷ ಹರಳಿನ ಮೂಲಕ ಹಾಯಿಸಿದರೆ ಅಪರೂಪಕ್ಕೊಮ್ಮೆ ಒಂದು ಫೋಟಾನ್, ಅಂದರೆ ಬೆಳಕಿನ ಕಣ, ಹೋಗಿ ಎರಡಾಗುತ್ತದೆ. ಈ ಎರಡನ್ನು ಎರಡು ದಿಕ್ಕಿಗೆ ಕಳಿಸಿ. ಸದ್ಯಕ್ಕೆ ಇಷ್ಟು ಸಾಕು.

ಹಂತ 2: ಪ್ರಶ್ನೆ. ಎರಡೂ ಕಡೆ ಪೋಲರಾಯ್ಡ್ ಫಿಲ್ಟರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆ) ಅಡ್ಡ ಹಿಡಿಯಿರಿ. ಫೋಟಾನ್ ದಾಟಿದರೆ ‘ಹೌದು’, ದಾಟದಿದ್ದರೆ ‘ಇಲ್ಲ’. ಫಿಲ್ಟರನ್ನು 0, 60, 120 ಡಿಗ್ರಿಗೆ ತಿರುಗಿಸಬಹುದು. ಅಲ್ಲಿಗೆ ಮೂರು ಪ್ರಶ್ನೆಗಳಾದವು. (ಫುಟ್‌ಪಾತಿನ ‘ಪೋಲರಾಯ್ಡ್’ ಕನ್ನಡಕವನ್ನು ನಂಬಬೇಡಿ. ಲ್ಯಾಪ್‌ಟಾಪ್ ಪರದೆಯ ಮುಂದೆ ಹಿಡಿದು ಒಂದು ಸುತ್ತು ತಿರುಗಿಸಿ; ಎಲ್ಲೂ ಪರದೆ ಕಪ್ಪಾಗದಿದ್ದರೆ ಅದು ಬರೀ ಬಣ್ಣದ ಪ್ಲಾಸ್ಟಿಕ್.)

ಹಂತ 3: ಚೀಟಿ. ಎಲ್ಲರೂ ಜಾರುವುದು ಇಲ್ಲೇ. ಆದ್ದರಿಂದ ಓದುವುದು ನಿಲ್ಲಿಸಿ, ಹಳೇ ಕ್ಯಾಲೆಂಡರ್ ಹಾಳೆ ಹರಿದು ಪೆನ್ನು ತನ್ನಿ.

ಅವಳಿ ಹುಡುಗರಿಬ್ಬರು ಬೇರೆ ಬೇರೆ ಕೋಣೆಯಲ್ಲಿ ವೈವಾಕ್ಕೆ ಕೂತಿದ್ದಾರೆ ಅಂದುಕೊಳ್ಳಿ. ಪರೀಕ್ಷಕರು ಒಬ್ಬೊಬ್ಬನಿಗೆ ಮೂರರಲ್ಲಿ ಒಂದೇ ಪ್ರಶ್ನೆ ಕೇಳುತ್ತಾರೆ. ಇಬ್ಬರಿಗೂ ಒಂದೇ ಪ್ರಶ್ನೆ ಬಿದ್ದಾಗಲೆಲ್ಲ ಉತ್ತರವೂ ಒಂದೇ, ಒಮ್ಮೆಯೂ ತಪ್ಪುವುದಿಲ್ಲ. ಫೋಟಾನ್‌ಗಳು ಮಾಡುವುದೂ ಇದನ್ನೇ. ಯಾರಿಗಾದರೂ ಅನುಮಾನ ಬರುತ್ತದೆ: ಹುಡುಗರು ಮೂರೂ ಉತ್ತರಗಳನ್ನು ಮೊದಲೇ ಮಾತಾಡಿಕೊಂಡು ಜೇಬಿನಲ್ಲಿ ಒಂದೇ ಚೀಟಿಯ ಎರಡು ಪ್ರತಿ ಇಟ್ಟುಕೊಂಡಿದ್ದಾರೆ. ಚಪ್ಪಲಿ ಕಥೆಯೂ ಇದೇ ತಾನೆ?

ಸರಿ, ಆ ಚೀಟಿಗಳನ್ನು ಬರೆಯಿರಿ. ಹೌದು-ಹೌದು-ಹೌದು, ಹೌದು-ಹೌದು-ಇಲ್ಲ, ಹೀಗೆ ಒಟ್ಟು ಎಂಟೇ ಬಗೆ. ಈಗ ಪ್ರತಿ ಚೀಟಿಯಲ್ಲೂ ಬೇರೆ ಬೇರೆ ಪ್ರಶ್ನೆಗಳ ಉತ್ತರ ಹೋಲಿಸಿ: ಒಂದಕ್ಕೆ ಎರಡು, ಎರಡಕ್ಕೆ ಮೂರು, ಒಂದಕ್ಕೆ ಮೂರು. ಹೌದು-ಹೌದು-ಇಲ್ಲ ಚೀಟಿಯಲ್ಲಿ ಮೂರು ಹೋಲಿಕೆಗಳ ಪೈಕಿ ಒಂದು ಹೊಂದುತ್ತದೆ. ಮೂರೂ ಒಂದೇ ಇರುವ ಚೀಟಿಯಲ್ಲಿ ಮೂರಕ್ಕೆ ಮೂರೂ. ಒಂದೂ ಹೊಂದದ ಚೀಟಿ ಬರೆಯಲು ನನ್ನ ಅಕ್ಕನ ಮಗಳು ಕಾಲು ಗಂಟೆ ಹೆಣಗಿದಳು. ಹಾಳೆ ತುಂಬ ಕಾಟು ಹೊಡೆದು, “ಮಾಮ, ಮೂರು ಪ್ರಶ್ನೆ ಇದೆ, ಉತ್ತರ ಎರಡೇ ಥರ. ಎರಡಾದರೂ ಒಂದೇ ಆಗಲೇಬೇಕಲ್ಲ!” ಅಂದಳು. ಅಷ್ಟೇ ವಿಷಯ. ಚೀಟಿ ಇದ್ದರೆ, ಪ್ರಶ್ನೆ ಬೇರೆ ಬೇರೆ ಬಿದ್ದಾಗ ಸರಾಸರಿ ಮೂರರಲ್ಲಿ ಒಂದು ಸಲವಾದರೂ ಉತ್ತರ ಹೊಂದಲೇಬೇಕು.

ಪ್ರಯೋಗಾಲಯದಲ್ಲಿ ಫೋಟಾನ್‌ಗಳ ಉತ್ತರ ಹೊಂದುವುದು ನಾಲ್ಕರಲ್ಲಿ ಒಂದು ಸಲ. ಫಿಲ್ಟರ್‌ಗಳ ನಡುವಿನ ಕೋನಕ್ಕೆ ತಕ್ಕಂತೆ ಎಷ್ಟು ಬೆಳಕು ದಾಟುತ್ತದೆಂದು ಹೇಳುವ, ಪಿಯು ಪುಸ್ತಕದ ಮಾಲಸ್ ನಿಯಮದ ಲೆಕ್ಕವೇ ಇದು: ಕಾಸ್ 60 ಅಂದರೆ ಅರ್ಧ, ಅದರ ವರ್ಗ ಕಾಲು. ಕಾಲು ಮೂರನೇ ಒಂದಕ್ಕಿಂತ ಕಡಿಮೆ. ಅಂದರೆ ಜೇಬಿನಲ್ಲಿ ಚೀಟಿಯೇ ಇರಲಿಲ್ಲ.

ಈ ಬಗೆಯ ಲೆಕ್ಕವನ್ನು ಮೊದಲು ಹಾಕಿದ್ದು ಭೌತವಿಜ್ಞಾನಿ ಜಾನ್ ಬೆಲ್, 1964ರಲ್ಲಿ. ಐನ್‌ಸ್ಟೈನ್ ಮತ್ತು ಸಂಗಡಿಗರು ಕ್ವಾಂಟಮ್ ಸಿದ್ಧಾಂತ ಅಪೂರ್ಣ ಎಂದು 1935ರಲ್ಲೇ ವಾದಿಸಿದ್ದರು. ಅವರು ಬಯಸಿದ್ದು ಚೀಟಿಯಂಥದ್ದನ್ನೇ. ಕ್ಲೌಸರ್ ಮತ್ತು ಫ್ರೀಡ್‌ಮನ್ 1972ರಲ್ಲಿ ಪ್ರಯೋಗ ಮಾಡಿ ಅಳೆದು ನೋಡಿದರು; ಚೀಟಿಯ ಲೆಕ್ಕ ಸೋತಿತು. ಹುಡುಗರು ಗೋಡೆಯಾಚೆಗೆ ಪಿಸುಗುಟ್ಟುತ್ತಿರಬಹುದಲ್ಲ? 1982ರಲ್ಲಿ ಅಲೆನ್ ಆಸ್ಪೆ ಫೋಟಾನ್‌ಗಳು ದಾರಿಯಲ್ಲಿರುವಾಗಲೇ ಪ್ರಶ್ನೆ ಬದಲಿಸಿದರು. ಪಿಸುಮಾತು ಬೆಳಕಿನ ವೇಗದಲ್ಲಿ ಹೋದರೂ ಆಚೆ ಕೋಣೆಗೆ ಹೊತ್ತಿಗೆ ಸರಿಯಾಗಿ ತಲುಪುವಂತಿರಲಿಲ್ಲ. ಉತ್ತರ ಬದಲಾಗಲಿಲ್ಲ. ಕ್ಲೌಸರ್, ಆಸ್ಪೆ, ಝೈಲಿಂಗರ್ ಮೂವರಿಗೆ 2022ರಲ್ಲಿ ನೊಬೆಲ್ ಬಂತು. ಹಿಂದಿನ ಬೆಂಚಿಗೆ ಉತ್ತರ ಸಿಕ್ಕಿತಲ್ಲ.

ಹಂತ 4: ಫೋನ್. ಹಾಗಾದರೆ ಬೆಳಕಿಗಿಂತ ವೇಗವಾಗಿ ಸಂದೇಶ ಕಳಿಸಬಹುದೇ? ಆಗದು. ಒಂದು ಕೋಣೆಯಲ್ಲಿ ಕೂತವರಿಗೆ ಕಾಣುವುದು ನಾಣ್ಯ ಚಿಮ್ಮಿದಂತೆ ಅರ್ಧ ಹೌದು, ಅರ್ಧ ಇಲ್ಲ. ಎರಡೂ ಕಡೆಯ ಪಟ್ಟಿಯನ್ನು ಹೋಲಿಸಿದ ಮೇಲೇ ಹೊಂದಿಕೆ ಕಾಣುವುದು. ಹೋಲಿಸಲು ಫೋನೇ ಬೇಕು.

ಹಂತ 5: ಉಪಯೋಗ. ಭೌತವಿಜ್ಞಾನಿ ಆರ್ಟರ್ ಎಕರ್ಟ್ 1991ರಲ್ಲಿ ಇದೇ ಲೆಕ್ಕವನ್ನು ಕಾವಲಿಗೆ ನಿಲ್ಲಿಸಿದರು. ಇಬ್ಬರೂ ಒಂದೇ ಪ್ರಶ್ನೆ ಕೇಳಿದ ಕಡೆ ಸಿಕ್ಕ ಹೌದು-ಇಲ್ಲಗಳ ಸಾಲೇ ಸಂದೇಶಕ್ಕೆ ಬೀಗ ಹಾಕುವ ಗುಪ್ತ ಕೀಲಿ. ಬೇರೆ ಪ್ರಶ್ನೆ ಬಿದ್ದವು ಕಾವಲು ಕಾಯುತ್ತವೆ. ದಾರಿಯಲ್ಲಿ ಯಾರಾದರೂ ಫೋಟಾನ್ ಹಿಡಿದು ಅಳೆದರೆ, ಅದಕ್ಕೊಂದು ಚೀಟಿ ಬರೆದು ಕೊಟ್ಟಂತೆ. ನಾಲ್ಕರಲ್ಲೊಂದರ ಲೆಕ್ಕ ಕೆಡುತ್ತದೆ, ಒಂದೇ ಪ್ರಶ್ನೆಗೂ ಉತ್ತರ ತಪ್ಪತೊಡಗುತ್ತದೆ. ಕಳ್ಳ ಬಂದಿದ್ದಾನೆಂದು ತಿಳಿದು ಆ ಕೀಲಿ ಎಸೆದರಾಯಿತು. ಚೀನಾದ ಮಿಸಿಯಸ್ ಉಪಗ್ರಹ ಇಂಥ ಜೋಡಿಗಳನ್ನು ಸುಮಾರು 1,200 ಕಿ.ಮೀ. ಅಂತರದ ಎರಡು ಕೇಂದ್ರಗಳಿಗೆ ಹಂಚಿದ ಸುದ್ದಿ 2017ರಲ್ಲಿ ಬಂತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲೂ ಕ್ವಾಂಟಮ್ ಕೀಲಿ ಹಂಚುವ ಕೆಲಸ ನಡೆದಿದೆ.

ವಸ್ತುಪ್ರದರ್ಶನದಲ್ಲಿ ಮಾರುವ ‘ಕ್ವಾಂಟಮ್ ಪೆಂಡೆಂಟ್’ಗೂ ಇದಕ್ಕೂ ಸಂಬಂಧವಿಲ್ಲ. ಅಂಥ ‘ಶಕ್ತಿ’ ಪದಕಗಳಲ್ಲಿ ಕೆಲವು ವಿಕಿರಣ ಸೂಸುತ್ತವೆ ಎಂದು 2021ರಲ್ಲಿ ನೆದರ್ಲೆಂಡ್ಸ್‌ನ ಅಣು ಸುರಕ್ಷತಾ ಪ್ರಾಧಿಕಾರವೇ ಎಚ್ಚರಿಸಿತ್ತು. ಮನೆಯಲ್ಲಿ ಯಾರಾದರೂ ಕೊರಳಿಗೆ ಹಾಕಿಕೊಂಡಿದ್ದರೆ ಇವತ್ತೇ ತೆಗೆಸಿ.