ಟಿಪ್ಪರ್ ಸುರಿಯುವ ಮುಂಚೆ ಉಸುಕು ಅಳೆದುಕೊಳ್ಳಿ

ಕಲಬುರಗಿ, ಯಾದಗಿರಿ ಕಡೆ ಮನೆ ಕಟ್ಟಿಸುವವರು ಸಿಮೆಂಟ್ ಚೀಲ ಎಣಿಸಿ ಇಳಿಸಿಕೊಳ್ಳುತ್ತಾರೆ, ಕಬ್ಬಿಣ ತೂಗಿಸುತ್ತಾರೆ. ಉಸುಕು ಬಂದಾಗ ಮಾತ್ರ ‘ಹಾಕಪಾ ಆ ಕಡೆ’ ಅಂದುಬಿಡುತ್ತಾರೆ. ಸುರಿದ ರಾಶಿಯನ್ನು ಅಳೆಯುವುದೂ ಕಷ್ಟ, ವಾಪಸ್ ಕಳಿಸುವುದೂ ಕಷ್ಟ.

ಹಿಂದಿನ ದಿನ: ಮಣ್ಣಿನ ಪರೀಕ್ಷೆ

ಉಸುಕು ಗೊತ್ತುಮಾಡುವಾಗಲೇ ರಾಶಿಯ ನಾಲ್ಕೈದು ಕಡೆಯಿಂದ, ಒಳಗೆ ಕೈಹಾಕಿ, ಮಾದರಿ ತನ್ನಿ. ಒಂದು ಲೀಟರ್ ನೀರಿಗೆ ಎರಡು ಸಣ್ಣ ಚಮಚ ಉಪ್ಪು ಕರಗಿಸಿ. ನೇರ ಗೋಡೆಯ ಪಾರದರ್ಶಕ ಬಾಟಲಿಯ ಮೂರನೇ ಒಂದು ಭಾಗ ಈ ನೀರು ಹಾಕಿ, ಮೂರನೇ ಎರಡು ಭಾಗ ಬರುವ ತನಕ ಉಸುಕು ಸುರಿದು, ಉಳಿದದ್ದಕ್ಕೆ ಮತ್ತೆ ಉಪ್ಪುನೀರು ತುಂಬಿ. ಜೋರಾಗಿ ಅಲುಗಾಡಿಸಿ ಮೂರು ತಾಸು ಮುಟ್ಟದೆ ಬಿಡಿ. ಉಸುಕು ಕೆಳಗೆ ಕೂತು, ಮೇಲೆ ನುಣ್ಣನೆ ಮಣ್ಣಿನ ಪದರ ಕಾಣುತ್ತದೆ. 10 ಸೆಂ.ಮೀ. ಉಸುಕಿಗೆ ಮಣ್ಣು 8 ಮಿ.ಮೀ. ಮೀರಿದರೆ, ಅಂದರೆ ಶೇ 8 ದಾಟಿದರೆ, ಆ ಉಸುಕು ಬೇಡ. ಇಲ್ಲವೇ ತೊಳೆದು ಬಳಸಬೇಕು. ನಮ್ಮ ಹಳ್ಳದ ಉಸುಕಿನಲ್ಲಿ ಬರುವುದು ಎರೆಮಣ್ಣು. ಅದು ಹಸಿಯಾದಾಗ ಹಿಗ್ಗಿ, ಒಣಗಿದಾಗ ಕುಗ್ಗುತ್ತದೆ. ಗಿಲಾವು ಮಾಡಿದ ಗೋಡೆಯಲ್ಲಿ ಕೂದಲೆಳೆ ಬಿರುಕು ಏಳುವುದಕ್ಕೆ ಅದೂ ಒಂದು ಕಾರಣ.

ಎಂ-ಸ್ಯಾಂಡ್‌ಗೆ, ಅಂದರೆ ಕಲ್ಲು ಒಡೆದು ಮಾಡಿದ ಉಸುಕಿಗೆ, ಈ ಬಾಟಲಿಯ ತೀರ್ಪು ನಡೆಯುವುದಿಲ್ಲ. ಅದರಲ್ಲಿ ಮೇಲೆ ಕೂರುವುದು ಬಹುಪಾಲು ಕಲ್ಲಿನ ಪುಡಿ. ಒಡೆದ ಉಸುಕಿನಲ್ಲಿ 75 ಮೈಕ್ರಾನ್‌ಗಿಂತ ಸಣ್ಣ ಪುಡಿ ಶೇ 15ರ ತನಕ ಇರಲು ಭಾರತೀಯ ಮಾನಕ ಐಎಸ್ 383 ಒಪ್ಪುತ್ತದೆ. ಆದರೆ ಕ್ರಷರ್ ಅಡಿಯ ಪುಡಿಯನ್ನೇ ಎಂ-ಸ್ಯಾಂಡ್ ಅಂತ ಕೊಟ್ಟರೆ ತಗೊಳ್ಳಬೇಡಿ.

ಗಾಡಿ ಬಂದಾಗ: ಪರ್ಮಿಟ್

ಉಸುಕು ಸಾಗಿಸುವ ಪರ್ಮಿಟ್ ಕೇಳಿ, ಗಾಡಿ ನಂಬರ್, ಎಲ್ಲಿಂದ ಎಲ್ಲಿಗೆ, ಎಷ್ಟು ಟನ್, ಎಷ್ಟು ಗಂಟೆವರೆಗೆ: ಈ ನಾಲ್ಕನ್ನು ಓದಿ. ಒಂದು ಬ್ರಾಸ್ (100 ಘನ ಅಡಿ) ಉಸುಕು ಅಂದಾಜು 4ರಿಂದ 4.5 ಟನ್. ಗಾಡಿಯಲ್ಲಿರುವುದಕ್ಕೂ ಕಾಗದಕ್ಕೂ ತಾಳೆಯಾಗದಿದ್ದರೆ ಆ ಉಸುಕು ಹೊಳೆಯಿಂದ ಲೆಕ್ಕವಿಲ್ಲದೆ ಎದ್ದದ್ದಿರಬಹುದು. ಮಳೆಗಾಲದಲ್ಲಿ ನದಿಯಲ್ಲಿ ತೆಗೆಯುವಂತಿಲ್ಲ. ಬೇರೆ ದಿನಗಳಲ್ಲೂ ಮೂರು ಮೀಟರ್ ಅಥವಾ ನೀರಿನ ಮಟ್ಟ, ಯಾವುದು ಕಡಿಮೆಯೋ ಅಷ್ಟೇ ಆಳ. ಈ ಮಿತಿ ಸುಮ್ಮನೆ ಇಟ್ಟದ್ದಲ್ಲ. ಬೇಸಿಗೆಯಲ್ಲಿ ಭೀಮೆಯ ಹರಿವು ನಿಂತ ಮೇಲೂ ಉಸುಕಿನ ಪದರ ನೀರು ಹಿಡಿದಿಟ್ಟಿರುತ್ತದೆ. ದಂಡೆಯ ಊರಿನ ಬಾವಿಗೆ, ಊರಿಗೆ ನೀರೆತ್ತುವ ಜಾಕ್‌ವೆಲ್‌ಗೆ ಅದೇ ಆಸರೆ. ತಳದ ಬಂಡೆ ಕಾಣುವ ತನಕ ಬಗೆದರೆ ಮೊದಲು ಬತ್ತುವುದು ಆ ಊರಿನ ನಲ್ಲಿ. ಹೀಗಾಗಿ ಹೊಳೆ ಉಸುಕನ್ನು ಗಿಲಾವಿಗಷ್ಟೇ ಇಟ್ಟುಕೊಂಡು, ಸ್ಲ್ಯಾಬು, ಕಾಲಂಗೆ ಒಳ್ಳೆಯ ಎಂ-ಸ್ಯಾಂಡ್ ಹಾಕಿಸುವುದೇ ಸರಿ.

ಬ್ರಾಸ್ ಲೆಕ್ಕ

ಬ್ರಾಸ್ ಅಂದರೆ 100 ಘನ ಅಡಿ. ಗಾಡಿಯ ಡಬ್ಬಿಯ ಒಳಗಿನ ಉದ್ದ, ಅಗಲ ಟೇಪಿನಿಂದ ಹಿಡಿಯಿರಿ. ಎತ್ತರಕ್ಕೆ ಅಂಚು ನೋಡಬೇಡಿ. ನಡುವೆ ಗುಡ್ಡೆ, ಮೂಲೆಯಲ್ಲಿ ತಗ್ಗು ಇರುತ್ತದೆ. ಕಬ್ಬಿಣದ ಸಲಾಕೆಯನ್ನು ಐದು ಕಡೆ ತಳ ಮುಟ್ಟುವ ತನಕ ಚುಚ್ಚಿ, ಸರಾಸರಿ ತೆಗೆಯಿರಿ. ಟ್ರ್ಯಾಕ್ಟರ್ ಟ್ರಾಲಿ 10 ಅಡಿ ಉದ್ದ, 6 ಅಡಿ ಅಗಲ, ಸರಾಸರಿ ಒಂದೂವರೆ ಅಡಿ ಇದ್ದರೆ 90 ಘನ ಅಡಿ, ಬ್ರಾಸ್ ತುಂಬಿಲ್ಲ.

ಇಷ್ಟಾದರೂ ಹಸಿ ಉಸುಕು ಕಣ್ಣಿಗೆ ಮೋಸ ಮಾಡುತ್ತದೆ. ಸ್ವಲ್ಪ ತೇವವಿದ್ದಾಗ ಕಾಳುಗಳ ಸುತ್ತ ನೀರಿನ ಪೊರೆ ಕೂತು, ಒಂದನ್ನೊಂದು ದೂರ ತಳ್ಳುತ್ತದೆ. ಪೂರ್ತಿ ನೀರು ಹಾಕಿದರೆ ಪೊರೆ ಹೋಗಿ ಮತ್ತೆ ಕೂರುತ್ತದೆ. ಮನೆಯ ಒಂದು ಸಣ್ಣ ಡಬ್ಬಿಯಲ್ಲಿ ಉಸುಕನ್ನು 15 ಸೆಂ.ಮೀ. ಸಡಿಲವಾಗಿ ತುಂಬಿ, ತೆಗೆದಿಟ್ಟು, ಅದೇ ಡಬ್ಬಿಯಲ್ಲಿ ಅರ್ಧ ನೀರು ಹಾಕಿ, ಅದನ್ನೇ ಸುರಿದು ಕಲಕಿ. 12 ಸೆಂ.ಮೀ.ಗೆ ಇಳಿದರೆ ಉಬ್ಬು ಶೇ 25. ನೀವು ದುಡ್ಡು ಕೊಟ್ಟ ಒಂದು ಬ್ರಾಸಿನಲ್ಲಿ ಉಸುಕು 80 ಘನ ಅಡಿ ಮಾತ್ರ.

ಕಲಸುವಾಗಲೂ ಇದೇ ತೊಂದರೆ. ಒಂದು ಚೀಲ ಸಿಮೆಂಟ್ 35 ಲೀಟರ್. 35, 25, 40 ಸೆಂ.ಮೀ. ಅಳತೆಯ ಪೆಟ್ಟಿಗೆಯೊಂದಕ್ಕೆ ಸಮ. ಗೌಂಡಿ ಒಂದಕ್ಕೆ ಆರು ಪೆಟ್ಟಿಗೆ ಉಬ್ಬಿದ ಉಸುಕು ಹಾಕಿದರೆ ನಿಜಕ್ಕೂ ಬೀಳುವುದು 4.8 ಪೆಟ್ಟಿಗೆ. ಗಾರೆಯಲ್ಲಿ ಸಿಮೆಂಟ್ ದಂಡವಾದೀತು ಅಷ್ಟೇ. ಕಾಂಕ್ರೀಟಿನಲ್ಲಿ ಉಸುಕು ಸಾಲದೆ ಖಡಿ ಖಡಿಯ ನಡುವೆ ತೂತು ಉಳಿಯುತ್ತದೆ. ಶೇ 25 ಉಬ್ಬಿದ್ದರೆ ಪ್ರತಿ ನಾಲ್ಕು ಪೆಟ್ಟಿಗೆಗೆ ಇನ್ನೊಂದು ಸೇರಿಸಿ.

ಉಸುಕನ್ನು ಎರೆ ನೆಲದ ಮೇಲೆ ಸುರಿಸಬೇಡಿ. ಒಡೆದ ಶಹಾಬಾದ್ ಫರಸಿ ತುಂಡು ಹಾಸಿ ಅದರ ಮೇಲೆ ಹಾಕಿಸಿ. ಇಲ್ಲದಿದ್ದರೆ ತಳದ ಅರ್ಧ ಅಡಿಯನ್ನು ಸಲಿಕೆ ಎತ್ತುವಾಗ ಮಣ್ಣೂ ಜತೆಗೆ ಬರುತ್ತದೆ.