ಧಾರವಾಡ–ಗದಗ ನಡುವೆ ನಮ್ಮದೇ ಬೂತ್

ನಾನು ಧಾರವಾಡದ ಮಾಳಮಡ್ಡಿಯಲ್ಲಿ ಮನೆಯಿಂದಲೇ ದುಭಾಷಿ ಕೆಲಸ ಮಾಡುತ್ತೇನೆ. ಇಂಗ್ಲಿಷ್‌ನಲ್ಲಿ ಒಬ್ಬರು ಮಾತಾಡುತ್ತಿರುವಾಗಲೇ ಅದನ್ನು ಕನ್ನಡದಲ್ಲಿ ಹೇಳುತ್ತಾ ಹೋಗುವ ಕೆಲಸ. ಇದು ಒಬ್ಬರಿಂದ ಆಗುವುದಿಲ್ಲ. 20–30 ನಿಮಿಷಕ್ಕೆ ತಲೆ ದಣಿಯುತ್ತದೆ, ಆಗ ಜೋಡಿಯವರು ಎತ್ತಿಕೊಳ್ಳಬೇಕು. ನನ್ನ ಜೋಡಿ ಗದಗಿನವರು.

ಸಭಾಂಗಣದ ಗಾಜಿನ ಬೂತ್‌ನಲ್ಲಿ ಇಬ್ಬರೂ ಪಕ್ಕಪಕ್ಕ ಕೂತಿರುತ್ತೇವೆ. ಒಬ್ಬರು ಮಾತಾಡುವಾಗ ಇನ್ನೊಬ್ಬರಿಗೂ ಕೈತುಂಬ ಕೆಲಸ. ಭಾಷಣದಲ್ಲಿ 1.2 ಮಿಲಿಯನ್ ಅಂತ ಬಂದರೆ ಚೀಟಿಯಲ್ಲಿ '12 ಲಕ್ಷ' ಅಂತ ಬರೆದು ಸರಿಸಬೇಕು. ಮಾತಾಡುತ್ತಿರುವವರಿಗೆ ಆ ಲೆಕ್ಕ ಹಾಕಲು ಪುರುಸೊತ್ತು ಎಲ್ಲಿರುತ್ತೆ? ಮನೆಯಿಂದ ಕೆಲಸ ಶುರುವಾದ ಮೇಲೆ ಆ ಚೀಟಿ ಹೋಯಿತು. ಸಭೆ ನಡೆಯುತ್ತಿದ್ದ ಆಪ್‌ನಲ್ಲಿ ಭಾಷಣ ಕೇಳುತ್ತಿತ್ತು, ಜೋಡಿಯವರ ಕನ್ನಡ ಕೇಳುತ್ತಿರಲಿಲ್ಲ. ವಾಟ್ಸ್‌ಆಪ್‌ನಲ್ಲಿ ಟೈಪ್ ಮಾಡಿ ನೋಡಿದೆವು. ಒಂದು ದಿನ ಪಾಳಿ ಬದಲಾಗುವಾಗ ಅವರು ನಾನು ಹೇಳುತ್ತೇನೆ ಅಂದುಕೊಂಡರು, ನಾನು ಅವರು ಹೇಳುತ್ತಾರೆ ಅಂದುಕೊಂಡೆ. ಕೇಳುಗರಿಗೆ ಅರ್ಧ ನಿಮಿಷ ಏನೂ ಕೇಳಿಸಲಿಲ್ಲ. ನಮ್ಮನ್ನೇ ನಂಬಿ ಕೂತವರು ಅವರು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಹುಡುಕುತ್ತಾ ಹೋದಾಗ ಸಿಕ್ಕಿದ್ದು ಮಂಬಲ್, ಇಂಟರ್ನೆಟ್ ಮೂಲಕ ಪರಸ್ಪರ ಮಾತಾಡುವ ಸಾಫ್ಟ್‌ವೇರ್. ಉಚಿತ, ಓಪನ್ ಸೋರ್ಸ್. ಕಂಪ್ಯೂಟರ್ ಗೇಮ್ ಆಡುವವರು ಜಾಸ್ತಿ ಬಳಸುವ ಸಾಫ್ಟ್‌ವೇರ್ ಇದು, ಹಾಗಾಗಿ ದನಿ ತಡವಾಗಬಾರದು ಅನ್ನುವುದಕ್ಕೇ ಮೊದಲ ಗಮನ ಕೊಟ್ಟಿದ್ದಾರೆ. ನಮಗೆ ಬೇಕಾಗಿದ್ದೂ ಅದೇ. ಸರ್ವರ್, ಅಂದರೆ ಎಲ್ಲರ ದನಿ ಹಾದುಹೋಗುವ ಕಂಪ್ಯೂಟರ್, ನಮ್ಮದೇ ಇಟ್ಟುಕೊಳ್ಳಬಹುದು ಅನ್ನುವುದು ನನಗೆ ಇನ್ನೂ ಹಿಡಿಸಿತು. ಗಿರಾಕಿಗಳ ಸಭೆಯ ಮಾತು ಹೊರಗೆ ಹೋಗಬಾರದು ಅಲ್ವಾ?

ಮನೆಯ ಇಂಟರ್ನೆಟ್‌ಗೆ ಹೊರಗಿನಿಂದ ತಲುಪುವಂಥ ಸ್ವಂತ ಐಪಿ (ಇಂಟರ್ನೆಟ್ ವಿಳಾಸ) ಇರಲಿಲ್ಲ. ಅದಕ್ಕೆ ಮುಂಬೈನಲ್ಲಿರುವ ಒಂದು ಸಣ್ಣ ಸರ್ವರ್ ಬಾಡಿಗೆಗೆ ಹಿಡಿದೆ. 1 ಜಿಬಿ ರ‍್ಯಾಮ್, ಉಬುಂಟು ಆಪರೇಟಿಂಗ್ ಸಿಸ್ಟಮ್. ನಾಲ್ಕೈದು ಜನಕ್ಕೆ ಇದು ಧಾರಾಳ. ಮಂಬಲ್ ಸರ್ವರ್ ಹಾಕಿ, ಸೂಪರ್‌ಯೂಸರ್ (ಸರ್ವರ್ ನೋಡಿಕೊಳ್ಳುವವರ) ಪಾಸ್‌ವರ್ಡ್ ಇಟ್ಟು, ಒಳಗೆ ಬರಲು ಬೇರೆ ಪಾಸ್‌ವರ್ಡ್ ಇಟ್ಟೆ. ಸರ್ವರ್‌ನಲ್ಲಿ 64738 ಪೋರ್ಟ್, ಅಂದರೆ ಮಂಬಲ್ ಬಳಸುವ ಬಾಗಿಲು, ತೆರೆಯಬೇಕು. ಡೇಟಾ ಸಾಗುವ ಟಿಸಿಪಿ, ಯುಡಿಪಿ ಎರಡು ವಿಧಾನಕ್ಕೂ. ನಾನು ಮೊದಲು ಟಿಸಿಪಿ ಮಾತ್ರ ತೆರೆದಿದ್ದೆ. ಸಂಪರ್ಕ ಸಿಕ್ಕಿತು, ದನಿಯೂ ಬಂತು, ಆದರೆ "ಅಕ್ಕಾರ, ನಿಮ್ಮ ದನಿ ಕಡದ ಕಡದ ಬರಾಕತ್ತೈತ್ರಿ" ಅಂದರು ಗದಗಿನವರು. ದನಿ ಹೋಗುವ ದಾರಿ ಯುಡಿಪಿ. ಅದು ಮುಚ್ಚಿದ್ದರೆ ಮಂಬಲ್ ಟಿಸಿಪಿಯಲ್ಲೇ ಕಳಿಸುತ್ತದೆ, ಆಗ ತಡವರಿಸುತ್ತದೆ. ಬ್ಯಾಂಡ್‌ವಿಡ್ತ್ ಮಿತಿ ಸೆಕೆಂಡಿಗೆ 72000 ಬಿಟ್ ಇಟ್ಟೆ. ಒಬ್ಬರು ಗಂಟೆಯಿಡೀ ಮಾತಾಡಿದರೂ 32 ಎಂಬಿ ಸುಮಾರು ಆಗುತ್ತದೆ, ಮೊಬೈಲ್ ಡೇಟಾದಲ್ಲೂ ನಡೆಯುತ್ತದೆ.

ನಿಜವಾದ ಕೆಲಸ ಇದ್ದದ್ದು ಸೆಟ್ಟಿಂಗ್‌ನಲ್ಲಿ. ಪಾಳಿಯಲ್ಲಿರುವವರ ಮೈಕ್ 'ಕಂಟಿನ್ಯುಯಸ್' (ಸದಾ ತೆರೆದೇ) ಇರಬೇಕು, ಆಗ ಜೋಡಿಗೆ ಅವರ ಕನ್ನಡ ಪೂರ್ತಿ ಕೇಳುತ್ತದೆ. ದನಿ ಬಂದಾಗ ಮಾತ್ರ ಮೈಕ್ ತೆರೆಯುವ 'ವಾಯ್ಸ್ ಆಕ್ಟಿವಿಟಿ' ಇಟ್ಟರೆ ಮಾತಿನ ಮೊದಲ ಅಕ್ಷರ ನುಂಗಿ ಹೋಗುತ್ತಿತ್ತು. ವಿಶ್ರಾಂತಿಯಲ್ಲಿರುವವರು 'ಪುಶ್ ಟು ಟಾಕ್'. ಬಲಗಡೆಯ ಕಂಟ್ರೋಲ್ ಕೀ ಒತ್ತಿದಾಗ ಮಾತ್ರ ದನಿ ಹೋಗುತ್ತದೆ. ಪಾಳಿ ಬದಲಾದಾಗ ಇದೂ ಬದಲಾಗಬೇಕು, ಅದಕ್ಕೊಂದು ಶಾರ್ಟ್‌ಕಟ್ ಕೀ ಇಟ್ಟುಕೊಂಡಿದ್ದೇವೆ. ಸಭೆಯ ಆಪ್, ಮಂಬಲ್ ಎರಡಕ್ಕೂ ಒಂದೇ ಮೈಕ್ ಬೇಕಾದ್ದರಿಂದ ಮಂಬಲ್‌ನಲ್ಲಿ 'ಎಕ್ಸ್‌ಕ್ಲೂಸಿವ್' (ಮೈಕ್ ತನಗೊಂದಕ್ಕೇ) ಗುರುತು ತೆಗೆದಿರಬೇಕು. ಹೆಡ್‌ಸೆಟ್ ವೈರ್ ಇರುವುದೇ ಆಗಬೇಕು. ಬ್ಲೂಟೂತ್‌ನಲ್ಲಿ ಮೈಕ್ ಆನ್ ಆದ ಕೂಡಲೇ ಕೇಳಿಸುವ ದನಿಯೂ ಕೆಡುತ್ತದೆ.

ಒಂದು ತೊಂದರೆ ಎರಡು ದಿನ ಕಾಡಿತು. ಗದಗಿನವರು ಪಿಸುಗುಟ್ಟಿದ ಕೂಡಲೇ ಭಾಷಣಕಾರರ ದನಿ ಇಳಿದುಬಿಡುತ್ತಿತ್ತು. ನೆಟ್ ತೊಂದರೆ ಅಂತ ರೌಟರ್ ಬದಲಾಯಿಸಿದೆ. ಆಮೇಲೆ ಗೊತ್ತಾಯಿತು, ಅದು ಮಂಬಲ್‌ನದೇ 'ಅಟೆನ್ಯೂಯೇಶನ್'. ಯಾರಾದರೂ ಮಾತಾಡಿದರೆ ಬೇರೆ ಸಾಫ್ಟ್‌ವೇರ್‌ಗಳ ದನಿ ತಗ್ಗಿಸುತ್ತದೆ. ಗೇಮ್ ಆಡುವವರಿಗೆ ಅನುಕೂಲ, ನಮಗೆ ಅದೇ ಅಪಾಯ. ತೆಗೆದುಹಾಕಿದೆ. ಯಾರು ಬಂದರು, ಯಾರು ಹೋದರು ಅಂತ ಇಂಗ್ಲಿಷ್‌ನಲ್ಲಿ ಓದಿ ಹೇಳುವುದನ್ನೂ ನಿಲ್ಲಿಸಿದೆ. ಇನ್ನೊಂದು ಮುಖ್ಯ ಮಾತು. ಮಂಬಲ್‌ನ ಕೀ ಸಭೆಯ ಮೈಕನ್ನು ಮುಚ್ಚುವುದಿಲ್ಲ. ಅಲ್ಲಿ ಮ್ಯೂಟ್ ಮಾಡದೆ ಪಿಸುಗುಟ್ಟಿದರೆ ಅದು ಕೇಳುಗರ ಕಿವಿಗೇ ಹೋಗುತ್ತದೆ. 'ಮೊದಲು ಸಭೆ ಮ್ಯೂಟ್' ಅಂತ ಬರೆದು ಮಾನಿಟರ್ ಅಂಚಿಗೆ ಅಂಟಿಸಿದ್ದೇವೆ, ಇಬ್ಬರ ಮನೆಯಲ್ಲೂ.

ಗದಗಿನವರು ಹೊಸ ಲ್ಯಾಪ್‌ಟಾಪ್ ತಂದಾಗ ತಮ್ಮದೇ ಹೆಸರಲ್ಲಿ ಒಳಗೆ ಬರಲಾಗಲಿಲ್ಲ. ಹೆಸರು ನೋಂದಾಯಿಸಿದ ಮೇಲೆ ಮಂಬಲ್ ಗುರುತು ಹಿಡಿಯುವುದು ಸರ್ಟಿಫಿಕೇಟ್ ಎಂಬ ಫೈಲ್‌ನಿಂದ, ಅದು ಹಳೆಯ ಲ್ಯಾಪ್‌ಟಾಪ್‌ನಲ್ಲೇ ಉಳಿದಿತ್ತು. ಈಗ ಇಬ್ಬರೂ ಅದರ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟಿದ್ದೇವೆ. ಮಳೆಗಾಲದಲ್ಲಿ ಕರೆಂಟ್ ಹೋಗುತ್ತದೆ. ರೌಟರ್‌ಗೆ ಸಣ್ಣ ಯುಪಿಎಸ್ ಇದೆ, ಮೊಬೈಲ್‌ನಲ್ಲಿ ಮಂಬಲ್‌ಗೆ ಸೇರಿಕೊಳ್ಳುವ ಮಮ್ಲಾ ಆಪ್ ತಯಾರಿರುತ್ತದೆ.

ಪಾಳಿ ಬದಲಾಗುವುದು ಈಗ ಹೀಗೆ: ಎತ್ತಿಕೊಳ್ಳುವವರು "ನಾ ತಗೋತೀನ್ರಿ, ಈ ವಾಕ್ಯ ಮುಗಸ್ರಿ" ಅನ್ನುತ್ತಾರೆ. ಮಾತಾಡುತ್ತಿರುವವರು ಉತ್ತರ ಕೊಡಬೇಕಿಲ್ಲ, ವಾಕ್ಯ ಮುಗಿಸಿದರೆ ಸಾಕು.

ಮೊನ್ನೆ ಬ್ಯಾಡಗಿ ಮೆಣಸಿನಕಾಯಿ ಬೆಳೆಗಾರರ ಸಭೆ ಇತ್ತು. ರೈತರ ಪ್ರಶ್ನೆಗಳನ್ನು ಇಂಗ್ಲಿಷ್‌ಗೆ ಹೇಳುವುದು ಗದಗಿನವರ ಪಾಳಿ. ಒಬ್ಬರು ಡಬ್ಬಿಗೂ ಕಡ್ಡಿಗೂ ಬಣ್ಣದಲ್ಲಿ ಎಷ್ಟು ವ್ಯತ್ಯಾಸ ಅಂತ ಕೇಳಿದರು. ಬ್ಯಾಡಗಿಯಲ್ಲಿ ಅವು ಎರಡು ಬಗೆ. ಡಬ್ಬಿ ಗಿಡ್ಡ, ದುಂಡಗೆ. ಕಡ್ಡಿ ಉದ್ದ, ತೆಳ್ಳಗೆ. ಗದಗಿನವರಿಗೆ ಇದು ಗೊತ್ತಿಲ್ಲದ್ದೇನಲ್ಲ, ಆದರೆ ಓಟದಲ್ಲಿ 'ಬಾಕ್ಸ್' ಅಂತ ಬಾಯಿಗೆ ಬಂದುಬಿಟ್ಟಿತು. ನಾನು ಕೀ ಒತ್ತಿ, "ತಳಿ ಹೆಸರ್ರಿ, ಡಬ್ಬಿ ಅಂತನ ಹೇಳ್ರಿ" ಅಂದೆ. ಮುಂದಿನ ಉಸಿರಿಗೇ ತಿದ್ದಿಕೊಂಡು ಮುಂದೆ ಹೋದರು. ಸಂಜೆ ನಮ್ಮ ಪದಪಟ್ಟಿಗೆ ಕಡ್ಡಿ, ಡಬ್ಬಿ ಎರಡನ್ನೂ ಸೇರಿಸಿದೆವು.